ಅತಿವಾಹಕಗಳ ಪಾಕವೂ ಬೆರಕೆಯೂ

೧. ಪೀಠಿಕೆ

ಲೋಹದ ತಂತಿಯಲ್ಲಿ ವಿದ್ಯುತ್ತು ಹರಿಯುವಾಗ ಅದರ ಒಂದಂಶವು ದಾರಿಯಲ್ಲಿಯೇ ಶಾಖವಾಗಿ ವ್ಯಯವಾಗುತ್ತದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು ೯೨ ಮೈಲಿಗಳಾಚೆಯ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದಾಗಲೂ, ೧೯೦೫ರಲ್ಲಿ ಬೆಂಗಳೂರಿಗೆ ತಂದಾಗಲೂ, ಈ ನಷ್ಟಕ್ಕೆ ಒಪ್ಪಿಕೊಂಡೇ ತಂತಿಗಳನ್ನು ಎಳೆಯಬೇಕಾಯಿತು. ತಾಮ್ರವು ಉತ್ತಮ ವಾಹಕವೇ ಹೌದು. ಆದರೂ ಅದಕ್ಕೂ ರೋಧವುಂಟು. ತಂತಿಯನ್ನು ದಪ್ಪ ಮಾಡಿ, ವಿದ್ಯುತ್ತಿನ ಒತ್ತಡವನ್ನು ಹೆಚ್ಚಿಸಿ, ನಷ್ಟವನ್ನು ತಗ್ಗಿಸಬಹುದಲ್ಲದೆ ಇಲ್ಲದಂತೆ ಮಾಡಲಾಗದು.

ರೋಧವೇ ಇಲ್ಲದ ವಾಹಕವುಂಟೆಂಬುದು ೧೯೧೧ರಲ್ಲಿ ಗೊತ್ತಾಯಿತು. ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಓನೆಸ್ ಎಂಬ ವಿಜ್ಞಾನಿಯು ಪಾದರಸವನ್ನು ದ್ರವ ಹೀಲಿಯಮ್ಮಿನಲ್ಲಿ ತಣಿಸುತ್ತಿದ್ದಾಗ, ೪.೨ ಕೆಲ್ವಿನ್ನಿನ ಹತ್ತಿರ ಅದರ ರೋಧವು ಥಟ್ಟನೆ ಮಾಯವಾಯಿತು. ಕೆಲ್ವಿನ್ ಮಾನದ ಸೊನ್ನೆಯೆಂದರೆ ಸೆಂಟಿಗ್ರೇಡಿನ ಸೊನ್ನೆಗಿಂತ ೨೭೩ ಅಂಶ ಕೆಳಗಿನದು. ಅದಕ್ಕಿಂತ ತಣ್ಣನೆಯ ಸ್ಥಿತಿಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡುದೂ ಅದೇ ವರ್ಷದಲ್ಲಿ. ಮುಂದೆ ಎಪ್ಪತ್ತೈದು ವರ್ಷಗಳ ತರುವಾಯ ಈ ಎರಡು ಕಥೆಗಳೂ ಒಂದೆಡೆ ಕೂಡಿದುವು.

ಹೀಗೆ ರೋಧವನ್ನು ಕಳೆದುಕೊಳ್ಳುವ ಗುಣಕ್ಕೆ ಅತಿವಾಹಕತೆಯೆಂದು ಹೆಸರು. ಅದಕ್ಕೆ ಎರಡು ಲಕ್ಷಣಗಳುಂಟು. ರೋಧವು ಶೂನ್ಯವಾಗುವುದು ಮೊದಲನೆಯದು. ವಸ್ತುವು ತನ್ನೊಳಗಿನ ಅಯಸ್ಕಾಂತ ಕ್ಷೇತ್ರವನ್ನು ಹೊರದೂಡುವುದು ಎರಡನೆಯದು. ಇದನ್ನು ೧೯೩೩ರಲ್ಲಿ ಮೈಸ್ನರ್ ಮತ್ತು ಓಕ್ಸನ್‌ಫೆಲ್ಡ್ ಎಂಬುವರು ಕಂಡುಹಿಡಿದರು. ಎರಡೂ ಲಕ್ಷಣಗಳು ಕಂಡಲ್ಲದೆ ಒಂದು ವಸ್ತುವನ್ನು ಅತಿವಾಹಕವೆಂದು ಒಪ್ಪಲಾಗದು.

ಈ ವಸ್ತುಗಳು ಪ್ರಯೋಗಶಾಲೆಗೆ ಮಾತ್ರ ಸೇರಿದುವಲ್ಲ. ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯಂತಹ ಬಡಾವಣೆಯ ನಿವಾಸಿಯೊಬ್ಬನು ವೈದ್ಯರ ಸೂಚನೆಯಂತೆ ಎಂ. ಆರ್. ಐ. ಪರೀಕ್ಷೆಗೆ ಹೋದನೆಂದರೆ, ಅವನು ಮಲಗುವ ಆ ಕೊಳವೆಯ ಸುತ್ತ ಸಾಮಾನ್ಯವಾಗಿ ನಿಯೋಬಿಯಂ-ಟೈಟಾನಿಯಂ ಮಿಶ್ರಲೋಹದ ಅತಿವಾಹಕ ತಂತಿಯ ಸುರುಳಿಯಿರುತ್ತದೆ. ದ್ರವ ಹೀಲಿಯಮ್ಮಿನ ಶೀತದಲ್ಲಿರುವ ಆ ಸುರುಳಿಯಲ್ಲಿ ಒಮ್ಮೆ ಹರಿಯಬಿಟ್ಟ ವಿದ್ಯುತ್ತು ವರ್ಷಗಟ್ಟಲೆ ಕುಂದದೆ ಸುತ್ತುತ್ತಿರುವುದು.

ಅತಿವಾಹಕತೆಯು ಒಂದು ವಸ್ತುವಿನ ಹೆಸರಿಗೆ ಅಂಟಿಕೊಂಡ ಗುಣವಲ್ಲ. ವಸ್ತುವನ್ನು ಬೇಯಿಸಿದ ಕ್ರಮ, ಅದರಲ್ಲಿ ಸೇರಿಸಿದ ಅನ್ಯ ಪರಮಾಣುಗಳ ಪ್ರಮಾಣ, ಇವೆರಡನ್ನೂ ಅದು ಅನುಸರಿಸುತ್ತದೆ. ಮೊದಲನೆಯದನ್ನು ಪಾಕವೆಂದೂ, ಡೋಪಿಂಗ್ ಎಂದು ಪ್ರಸಿದ್ಧವಾದ ಎರಡನೆಯದನ್ನು ಬೆರಕೆಯೆಂದೂ ಇಲ್ಲಿ ಕರೆದಿದೆ. ಲೋಕವ್ಯವಹಾರದಲ್ಲಿ ಬೆರಕೆಯೆಂಬುದು ದೋಷದ ಹೆಸರು. ಈ ಶಾಸ್ತ್ರದಲ್ಲಿ ಅದು ಕೆಲವು ವೇಳೆ ದೋಷ, ಕೆಲವು ವೇಳೆ ಗುಣ; ಯಾವಾಗ ಯಾವುದೆಂಬುದೇ ವಿಚಾರ್ಯವಿಷಯ.

೨. ಲೋಹಗಳಲ್ಲಿ ಬೆರಕೆ

ಪಾದರಸ, ಸೀಸ, ತವರ ಮೊದಲಾದ ಲೋಹಗಳಲ್ಲಿ ಅತಿವಾಹಕತೆಯುಂಟಾಗುವ ಬಗೆಯನ್ನು ೧೯೫೭ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು ವಿವರಿಸಿದರು. ಒಂಟೊಂಟಿಯಾಗಿ ಚಲಿಸುವ ಎಲೆಕ್ಟ್ರಾನುಗಳು ಸ್ಫಟಿಕದ ಕಂಪನಗಳ ಮಧ್ಯಸ್ಥಿಕೆಯಿಂದ ಜೋಡಿಗಳಾಗುತ್ತವೆ. ಜೋಡಿಗಳೆಲ್ಲವೂ ಒಂದೇ ಲಯದಲ್ಲಿ ಸಾಗುವುದರಿಂದ ಅವುಗಳಿಗೆ ತಡೆಯುಂಟಾಗದು.

ಇಂತಹ ಲೋಹಕ್ಕೆ ಅಯಸ್ಕಾಂತ ಗುಣವಿಲ್ಲದ ಬೇರೊಂದು ಲೋಹವನ್ನು ಸ್ವಲ್ಪ ಬೆರಸಿದರೆ ಜೋಡಿಗಳಿಗೆ ಹೆಚ್ಚಿನ ಹಾನಿಯಿಲ್ಲವೆಂಬುದನ್ನು ೧೯೫೯ರಲ್ಲಿ ಪಿ. ಡಬ್ಲ್ಯು. ಆಂಡರ್ಸನ್ ತೋರಿಸಿಕೊಟ್ಟರು. ಅಯಸ್ಕಾಂತ ಗುಣವುಳ್ಳ ಪರಮಾಣುಗಳನ್ನು ಬೆರಸಿದರಾದರೋ, ಅತ್ಯಲ್ಪ ಪ್ರಮಾಣವೂ ಜೋಡಿಗಳನ್ನು ಒಡೆದು ಅತಿವಾಹಕತೆಯನ್ನು ಕೆಡಿಸುತ್ತದೆ. ಈ ನಿಯಮವನ್ನು ಓದುಗರು ನೆನಪಿನಲ್ಲಿಡುವುದು ಒಳ್ಳೆಯದು. ಮುಂದೆ ಆಕ್ಸೈಡುಗಳ ಪ್ರಕರಣದಲ್ಲಿ ಇದು ತಲೆಕೆಳಗಾಗುವುದು.

ಪಾಕದ ಮಹತ್ವವೂ ಲೋಹಗಳಲ್ಲಿಯೇ ಕಾಣಿಸಿಕೊಂಡಿತು. ಮೇಲೆ ಹೇಳಿದ ನಿಯೋಬಿಯಂ-ಟೈಟಾನಿಯಂ ತಂತಿಯನ್ನು ಮತ್ತೆ ಮತ್ತೆ ಎಳೆದು ಸಣ್ಣ ಮಾಡಿ, ನಡುನಡುವೆ ಕಾಯಿಸುತ್ತಾರೆ. ಹಾಗೆ ಮಾಡಿದಾಗ ಟೈಟಾನಿಯಂ ಹೆಚ್ಚಾಗಿರುವ ಅತಿಸೂಕ್ಷ್ಮ ಕಣಗಳು ಲೋಹದೊಳಗೆ ಬೇರ್ಪಟ್ಟು ನಿಲ್ಲುತ್ತವೆ. ಪ್ರಬಲವಾದ ಅಯಸ್ಕಾಂತ ಕ್ಷೇತ್ರದಲ್ಲಿ ತಂತಿಯೊಳಕ್ಕೆ ನುಗ್ಗುವ ಬಲರೇಖೆಗಳನ್ನು ಈ ಕಣಗಳು ಗೂಟಗಳಂತೆ ಕಟ್ಟಿ ನಿಲ್ಲಿಸುತ್ತವೆ. ರೇಖೆಗಳು ಅಲುಗಾಡಿದರೆ ರೋಧವು ಮರಳಿ ಹುಟ್ಟುವುದು. ಆದುದರಿಂದ ಈ ತಂತಿಯು ಎಷ್ಟು ವಿದ್ಯುತ್ತನ್ನು ಹೊರಬಲ್ಲದೆಂಬುದನ್ನು ಅದರ ಘಟಕಲೋಹಗಳಷ್ಟೇ ಅದನ್ನು ಎಳೆದು ಕಾಯಿಸಿದ ಕೈಗಳೂ ನಿರ್ಣಯಿಸುತ್ತವೆ.

ಆದರೆ ಲೋಹಗಳ ಮಾರ್ಗದಲ್ಲಿ ಪ್ರಗತಿಯು ಮಂದವಾಗಿತ್ತು. ೧೯೭೩ರಲ್ಲಿ ನಿಯೋಬಿಯಂ ಮತ್ತು ಜರ್ಮೇನಿಯಮ್ಮುಗಳ ಸಂಯುಕ್ತವೊಂದು ಸುಮಾರು ೨೩ ಕೆಲ್ವಿನ್ ಮುಟ್ಟಿತು. ಅಲ್ಲಿಂದ ಮುಂದೆ ಹದಿಮೂರು ವರ್ಷಗಳ ಕಾಲ ಆ ಗೆರೆಯನ್ನು ಯಾವ ವಸ್ತುವೂ ದಾಟಲಿಲ್ಲ.

೩. ತಾಮ್ರದ ಆಕ್ಸೈಡು

೧೯೮೬ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಬಳಿಯ ಐ. ಬಿ. ಎಂ. ಪ್ರಯೋಗಶಾಲೆಯ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಎಂಬುವರು ಲ್ಯಾಂಥನಂ, ಬೇರಿಯಂ, ತಾಮ್ರಗಳ ಆಕ್ಸೈಡಿನಲ್ಲಿ ಸುಮಾರು ೩೦ ಕೆಲ್ವಿನ್ನಿನಿಂದಲೇ ಅತಿವಾಹಕತೆಯ ಸೂಚನೆಗಳನ್ನು ಕಂಡರು. ಮಡಕೆಯ ಜಾತಿಗೆ ಸೇರಿದ ವಸ್ತುವೊಂದು ಲೋಹಗಳೆಲ್ಲವನ್ನೂ ಮೀರಿಸಿತೆಂಬುದು ಯಾರೂ ನಿರೀಕ್ಷಿಸದ ಸಂಗತಿ. ಅವರ ಬಿಲ್ಲೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಯುಕ್ತಗಳು ಕಲೆತಿದ್ದುವು. ಅತಿವಾಹಕತೆಯು ಅವುಗಳಲ್ಲಿ ಯಾವುದಕ್ಕೆ ಸೇರಿದ್ದೆಂಬುದನ್ನು ಆ ವರ್ಷದ ಕೊನೆಯಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು ನಿರ್ಧರಿಸಿದರು. ಅದು ಲ್ಯಾಂಥನಂ ತಾಮ್ರ ಆಕ್ಸೈಡು: ಎರಡು ಲ್ಯಾಂಥನಂ, ಒಂದು ತಾಮ್ರ, ನಾಲ್ಕು ಆಮ್ಲಜನಕ, ಲ್ಯಾಂಥನಮ್ಮಿನ ಕೆಲವು ಸ್ಥಾನಗಳಲ್ಲಿ ಬೇರಿಯಂ.

ಶುದ್ಧವಾದ ಲ್ಯಾಂಥನಂ ತಾಮ್ರ ಆಕ್ಸೈಡು ವಿದ್ಯುತ್ತನ್ನು ಹರಿಯಬಿಡದ ವಸ್ತು. ಅದರ ಲೆಕ್ಕ ಸುಲಭವಾದುದು. ಒಂದೊಂದು ಲ್ಯಾಂಥನಂ ಮೂರು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ; ಎರಡಕ್ಕೆ ಆರಾಯಿತು. ನಾಲ್ಕು ಆಮ್ಲಜನಕಗಳಿಗೆ ಎಂಟು ಬೇಕು. ಉಳಿದ ಎರಡನ್ನು ತಾಮ್ರವು ಕೊಡಬೇಕು. ಹಾಗೆ ಕೊಟ್ಟ ಮೇಲೆ ಪ್ರತಿಯೊಂದು ತಾಮ್ರದಲ್ಲಿಯೂ ಜೊತೆಯಿಲ್ಲದ ಎಲೆಕ್ಟ್ರಾನೊಂದು ಉಳಿಯುತ್ತದೆ. ಊಟದ ಪಂಕ್ತಿಯಲ್ಲಿ ಎಲೆಗೊಬ್ಬರಂತೆ ಜನರು ಕುಳಿತು ಒಂದೆಲೆಯೂ ತೆರವಿಲ್ಲದಿದ್ದರೆ ಯಾರೂ ಪಕ್ಕದ ಎಲೆಗೆ ಸರಿಯಲಾರರು. ಒಂದೆಲೆಗೆ ಇಬ್ಬರು ಕೂಡುವಂತೆಯೂ ಇಲ್ಲ. ತಾಮ್ರದ ಎಲೆಕ್ಟ್ರಾನುಗಳ ಸ್ಥಿತಿ ಇಂತಹುದೇ. ಒಂದೇ ತಾಣದಲ್ಲಿ ಎರಡು ಕೂಡಿದರೆ ಅವುಗಳ ಪರಸ್ಪರ ವಿಕರ್ಷಣೆಯು ಪ್ರಬಲವಾಗುವುದರಿಂದ ಎಲ್ಲವೂ ಇದ್ದಲ್ಲಿಯೇ ನಿಲ್ಲುತ್ತವೆ.

ಈಗ ಒಂದು ಲ್ಯಾಂಥನಮ್ಮನ್ನು ತೆಗೆದು ಅದರ ಸ್ಥಾನದಲ್ಲಿ ಬೇರಿಯಮ್ಮನ್ನೋ ಸ್ಟ್ರಾಂಷಿಯಮ್ಮನ್ನೋ ಇಟ್ಟರೆ, ಅದು ಕೊಡುವುದು ಎರಡೇ ಎಲೆಕ್ಟ್ರಾನು. ಕಡಮೆಯಾದ ಒಂದನ್ನು ತಾಮ್ರ-ಆಮ್ಲಜನಕಗಳ ಪದರವು ತುಂಬಿಕೊಡಬೇಕಾಗುವುದು. ಪಂಕ್ತಿಯಲ್ಲಿ ಒಂದೆಲೆ ತೆರವಾಯಿತು. ಪಕ್ಕದವನು ಅಲ್ಲಿಗೆ ಸರಿದರೆ ಅವನ ಎಲೆ ತೆರವಾಗುತ್ತದೆ. ಹೀಗೆ ತೆರವೇ ಪಂಕ್ತಿಯುದ್ದಕ್ಕೂ ಸಂಚರಿಸುತ್ತದೆ. ಭೌತವಿಜ್ಞಾನಿಗಳು ಇದನ್ನು ರಂಧ್ರವೆಂದು ಕರೆಯುತ್ತಾರೆ. ಬೆರಕೆಯ ಪರಮಾಣು ತಾನು ವಿದ್ಯುತ್ತನ್ನು ಒಯ್ಯುವುದಿಲ್ಲ; ತಾಮ್ರದ ಪದರದಿಂದ ದೂರವೇ ನಿಂತು ಅಲ್ಲಿ ತೆರವನ್ನು ಉಂಟುಮಾಡುತ್ತದೆ.

ಎಷ್ಟು ಬೆರಕೆ ತಕ್ಕದ್ದು? ತಾಮ್ರದ ನೂರು ಪರಮಾಣುಗಳಿಗೆ ಸುಮಾರು ಐದು ರಂಧ್ರಗಳಾಗುವವರೆಗೆ ಅತಿವಾಹಕತೆಯಿಲ್ಲ. ಅಲ್ಲಿಂದ ಅದು ಏರುತ್ತ ಹೋಗಿ, ಹದಿನಾರರ ಹತ್ತಿರ ಶಿಖರವನ್ನು ಮುಟ್ಟುತ್ತದೆ. ಸ್ಟ್ರಾಂಷಿಯಂ ಬೆರಸಿದ ಆಕ್ಸೈಡಿನಲ್ಲಿ ಈ ಶಿಖರವು ೩೮ ಕೆಲ್ವಿನ್ನಿನ ಆಸುಪಾಸಿನಲ್ಲಿದೆ. ಇನ್ನೂ ಹೆಚ್ಚು ಬೆರಸಿದರೆ ಇಳಿಯತೊಡಗಿ, ಇಪ್ಪತ್ತೇಳರ ಬಳಿಯಲ್ಲಿ ಅತಿವಾಹಕತೆಯು ಪೂರ್ತಿಯಾಗಿ ಅಳಿದು ವಸ್ತುವು ಸಾಧಾರಣ ಲೋಹದಂತಾಗುತ್ತದೆ. ೧೯೮೯ರಲ್ಲಿ ಜಪಾನಿನ ಟೋಕುರಾ ಮೊದಲಾದವರು ಇದಕ್ಕೆ ವಿಪರೀತವಾದ ಕ್ರಮವೂ ಫಲಿಸುವುದೆಂದು ತೋರಿಸಿದರು: ನಿಯೋಡಿಮಿಯಂ ತಾಮ್ರ ಆಕ್ಸೈಡಿಗೆ ಸೀರಿಯಂ ಬೆರಸಿ, ಎಲೆಕ್ಟ್ರಾನುಗಳನ್ನು ಕಳೆಯುವುದಕ್ಕೆ ಬದಲು ಕೂಡಿಸಿ, ಸುಮಾರು ೨೪ ಕೆಲ್ವಿನ್ನಿನಲ್ಲಿ ಅತಿವಾಹಕತೆಯನ್ನು ಪಡೆದರು.

೪. ಬೆಂಗಳೂರಿನಲ್ಲಿ ನಡೆದ ನಿರ್ಣಯ

ಲ್ಯಾಂಥನಂ ತಾಮ್ರ ಆಕ್ಸೈಡು ಕನ್ನಡನಾಡಿಗೆ ಹೊಸದಾಗಿರಲಿಲ್ಲ. ಬೆಂಗಳೂರಿನಲ್ಲಿ ೧೯೩೪ರಲ್ಲಿ ಜನಿಸಿದ ಸಿ. ಎನ್. ಆರ್. ರಾವ್ ಅವರೂ ಅವರ ಸಹೋದ್ಯೋಗಿ ಪಿ. ಗಂಗೂಲಿಯವರೂ ೧೯೭೦ರ ದಶಕದಿಂದಲೇ ಈ ಬಗೆಯ ರಚನೆಯುಳ್ಳ ಆಕ್ಸೈಡುಗಳ ವಿದ್ಯುದ್ಗುಣಗಳನ್ನು ಶೋಧಿಸುತ್ತಿದ್ದರು. ಕಾನ್ಪುರದಲ್ಲಿದ್ದ ರಾವ್ ಅವರು ೧೯೭೬ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಘನಸ್ಥಿತಿ ಮತ್ತು ರಚನಾತ್ಮಕ ರಸಾಯನ ವಿಭಾಗವನ್ನು ಸ್ಥಾಪಿಸಿದ ಮೇಲೆ ಈ ಕಾರ್ಯವು ಇಲ್ಲಿಯೇ ಮುಂದುವರಿಯಿತು. ಮುಂದೆ ಜಗತ್ತನ್ನೇ ಬೆರಗುಗೊಳಿಸಿದ ವಸ್ತುವಿನ ಮಾತೃಕೆಯು ಹೀಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಇವರ ಕೈಯಲ್ಲಿತ್ತು. ಬೆರಕೆಯಿಲ್ಲದ ಸ್ಥಿತಿಯಲ್ಲಿ ಅದು ವಿದ್ಯುತ್ತಿಗೆ ಅಡ್ಡಲಾಗಿ ನಿಲ್ಲುವ ವಸ್ತುವಾದುದರಿಂದ, ಅದರಲ್ಲಿ ಅತಿವಾಹಕತೆಯನ್ನು ಅರಸಲು ಯಾರಿಗೂ ಕಾರಣವಿರಲಿಲ್ಲ. ಫ್ರಾನ್ಸಿನ ರಾವೋ ಮೊದಲಾದವರು ೧೯೮೫ರಲ್ಲಿ ಲ್ಯಾಂಥನಂ-ಬೇರಿಯಂ-ತಾಮ್ರಗಳ ಆಕ್ಸೈಡೊಂದನ್ನು ಮಾಡಿ ಅದು ಲೋಹದಂತೆ ವಿದ್ಯುತ್ತನ್ನು ಒಯ್ಯುವುದನ್ನು ಕಂಡರೂ, ಅತಿವಾಹಕತೆಯ ಕೀರ್ತಿ ಅವರ ಪಾಲಿಗೂ ಬರಲಿಲ್ಲ.

೧೯೮೭ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಭೌತವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಮೇಲೆ ಹೆಸರಿಸಿದ ಆಂಡರ್ಸನ್ ಅವರು ಆ ಸಭೆಗೆ ಬಂದು, ಹೊಸ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳ ಪರಸ್ಪರ ವಿಕರ್ಷಣೆಯೇ ಜೋಡಿಗಳ ಮೂಲವಾಗಬಹುದೆಂಬ ತಮ್ಮ ವಾದವನ್ನು ಮಂಡಿಸಿದರು. ಆ ವಾದವು ಇಂದಿಗೂ ಚರ್ಚೆಯಲ್ಲಿದೆ.

ಅಷ್ಟರಲ್ಲಿ ಅಮೆರಿಕದಿಂದ ಇನ್ನೊಂದು ವರ್ತಮಾನ ಬಂದಿತು. ಚು ಮತ್ತು ವು ಎಂಬುವರ ತಂಡಗಳು, ಲ್ಯಾಂಥನಂ ಆಕ್ಸೈಡನ್ನು ಅದುಮಿದಾಗ ಅದರ ಅತಿವಾಹಕತೆ ಹೆಚ್ಚಿನ ಉಷ್ಣತೆಗೆ ಏರುವುದನ್ನು ಕಂಡು, ಹೊರಗಿನ ಒತ್ತಡಕ್ಕೆ ಬದಲಾಗಿ ಲ್ಯಾಂಥನಮ್ಮಿಗಿಂತ ಚಿಕ್ಕದಾದ ಇಟ್ರಿಯಮ್ಮನ್ನು ಉಪಯೋಗಿಸಿದುವು. ಫಲವಾಗಿ ೯೩ ಕೆಲ್ವಿನ್ನಿನಲ್ಲಿ ಅತಿವಾಹಕತೆ ದೊರೆಯಿತು. ದ್ರವ ಸಾರಜನಕವು ೭೭ ಕೆಲ್ವಿನ್ನಿನಲ್ಲಿ ಕುದಿಯುವುದರಿಂದ, ದುರ್ಲಭವಾದ ಹೀಲಿಯಮ್ಮಿನ ಹಂಗಿಲ್ಲದೆ, ಗಾಳಿಯಿಂದಲೇ ತೆಗೆಯಬಹುದಾದ ಅಗ್ಗದ ದ್ರವದಲ್ಲಿ ಅತಿವಾಹಕವನ್ನು ಇರಿಸುವುದು ಸಾಧ್ಯವಾಯಿತು. ಆದರೆ ಅವರ ಬಿಲ್ಲೆಯೂ ಬೆರಕೆಯದೇ. ಹಸಿರು ಬಣ್ಣದ ಒಂದು ಸಂಯುಕ್ತವೂ ಕಪ್ಪು ಬಣ್ಣದ ಇನ್ನೊಂದೂ ಅದರಲ್ಲಿ ಕಲೆತಿದ್ದುವು. ಯಾವುದು ಅತಿವಾಹಕ, ಅದರ ಘಟಕಗಳ ಪ್ರಮಾಣವೇನು, ಎಂಬ ಪ್ರಶ್ನೆ ಉಳಿಯಿತು.

ಬೆಂಗಳೂರಿನ ತಂಡಕ್ಕೆ ಆಕ್ಸೈಡುಗಳ ರಚನೆಯ ಹಳೆಯ ಪರಿಚಯವು ಇಲ್ಲಿ ನೆರವಾಯಿತು. ಲ್ಯಾಂಥನಂ ಆಕ್ಸೈಡಿನ ಮಾದರಿಯಲ್ಲಿಯೇ ಇಟ್ರಿಯಂ ಆಕ್ಸೈಡನ್ನು ಕಟ್ಟಲಾಗದೆಂದು ಅವರು ಬಲ್ಲರು. ಆದುದರಿಂದ ರಾವೋ ಅವರ ತಂಡವು ಹಿಂದೆಯೇ ವರ್ಣಿಸಿದ್ದ, ಮೂರು ಲ್ಯಾಂಥನಂ, ಮೂರು ಬೇರಿಯಂ, ಆರು ತಾಮ್ರ, ಹದಿನಾಲ್ಕು ಆಮ್ಲಜನಕಗಳ ಬೇರೊಂದು ಆಕ್ಸೈಡನ್ನು ಮಾದರಿಯಾಗಿ ಹಿಡಿದು, ಲ್ಯಾಂಥನಮ್ಮಿನ ಸ್ಥಾನದಲ್ಲಿ ಇಟ್ರಿಯಮ್ಮನ್ನಿಟ್ಟು, ಇಟ್ರಿಯಂ-ಬೇರಿಯಮ್ಮುಗಳ ಪ್ರಮಾಣವನ್ನು ಕ್ರಮವಾಗಿ ಬದಲಾಯಿಸುತ್ತ ಹೋದರು. ಮೂರರ ಇಟ್ರಿಯಂ ಎರಡಕ್ಕಿಳಿದು, ಮೂರರ ಬೇರಿಯಂ ನಾಲ್ಕಕ್ಕೇರಿದಾಗ ೯೦ ಕೆಲ್ವಿನ್ನಿನ ಅತಿವಾಹಕವು ದೊರಕಿತು. ಎರಡು, ನಾಲ್ಕು, ಆರು, ಹದಿನಾಲ್ಕು ಎಂಬ ಈ ಸಂಖ್ಯೆಗಳನ್ನು ಎರಡರಿಂದ ಭಾಗಿಸಿದರೆ ಇಟ್ರಿಯಂ ಒಂದು, ಬೇರಿಯಂ ಎರಡು, ತಾಮ್ರ ಮೂರು, ಆಮ್ಲಜನಕ ಏಳು ಎಂದಾಗುವುದು. ಜಗತ್ತಿನಲ್ಲೆಲ್ಲ ‘ಒಂದು-ಎರಡು-ಮೂರು’ ಎಂದೇ ಹೆಸರಾದ ವಸ್ತು ಇದು. ರಾವ್, ಗಂಗೂಲಿ, ರಾಯ್‌ಚೌಧುರಿ, ಮೋಹನ್ ರಾಮ್, ಶ್ರೀಧರ್ ಎಂಬ ಐವರ ಹೆಸರಿನಲ್ಲಿ ಈ ನಿರ್ಣಯವು ೧೯೮೭ರಲ್ಲಿಯೇ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದೇ ಕಾಲದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯೇ ಮೊದಲಾದೆಡೆಗಳಲ್ಲಿಯೂ ಬೇರೆ ಬೇರೆಯಾಗಿ ಇದೇ ನಿರ್ಣಯಕ್ಕೆ ಬಂದರು. ಹಸಿರು ವಸ್ತುವು ವಿದ್ಯುತ್ತನ್ನು ಒಯ್ಯದೆಂದೂ, ಕಪ್ಪು ವಸ್ತುವೇ ಅತಿವಾಹಕವೆಂದೂ ನಿಶ್ಚಯವಾಯಿತು.

೫. ಪಾಕದ ಹದ

ಒಂದು-ಎರಡು-ಮೂರನ್ನು ತಯಾರಿಸುವ ಕ್ರಮವು ನೋಡಲು ಸರಳವಾದುದು. ಇಟ್ರಿಯಂ ಆಕ್ಸೈಡು, ಬೇರಿಯಂ ಕಾರ್ಬೊನೇಟು, ತಾಮ್ರದ ಆಕ್ಸೈಡು, ಈ ಮೂರು ಪುಡಿಗಳನ್ನು ತಕ್ಕ ಪ್ರಮಾಣದಲ್ಲಿ ತೂಗಿ ಖಲ್ವದಲ್ಲಿ ನುಣ್ಣಗೆ ಅರೆಯುತ್ತಾರೆ. ಕುಲುಮೆಯಲ್ಲಿ ೯೦೦ರಿಂದ ೯೫೦ ಅಂಶ ಸೆಂಟಿಗ್ರೇಡಿನವರೆಗೆ ಕಾಯಿಸುತ್ತಾರೆ. ಕಾರ್ಬೊನೇಟಿನ ಇಂಗಾಲಾಮ್ಲವು ಹೊರಟುಹೋಗಿ ಪುಡಿಯು ಕಪ್ಪಾಗುವುದು. ಘನವಸ್ತುಗಳ ಪರಮಾಣುಗಳು ಬಲು ನಿಧಾನವಾಗಿ ಚಲಿಸುವುವಾದ ಕಾರಣ ಒಂದೇ ಪುಟದಲ್ಲಿ ಕೆಲಸ ಮುಗಿಯದು. ಮತ್ತೆ ಅರೆದು ಮತ್ತೆ ಪುಟವಿಡಬೇಕು. ಕೊನೆಗೆ ಪುಡಿಯನ್ನು ಒತ್ತಿ ಬಿಲ್ಲೆ ಮಾಡಿ ಸುಟ್ಟು, ಆಮ್ಲಜನಕದ ಪ್ರವಾಹದಲ್ಲಿ ಮೆಲ್ಲಮೆಲ್ಲನೆ ಆರಿಸುವರು.

ಈ ಕೊನೆಯ ಆರಿಸುವಿಕೆಯಲ್ಲಿಯೇ ಗುಟ್ಟಿರುವುದು. ಅತಿಶಾಖದಲ್ಲಿ ಈ ವಸ್ತುವು ಆಮ್ಲಜನಕವನ್ನು ಹೊರಬಿಡುತ್ತದೆ. ಆಗ ಅದರಲ್ಲಿರುವುದು ಏಳಲ್ಲ, ಆರಕ್ಕೆ ಹತ್ತಿರವಾದ ಪ್ರಮಾಣ. ಬಿಸಿಯಿದ್ದಾಗಲೇ ಥಟ್ಟನೆ ತಣಿಸಿದರೆ ಆ ಕೊರತೆಯು ಹಾಗೆಯೇ ನಿಂತುಬಿಡುವುದು. ೪೦೦ರಿಂದ ೫೦೦ ಅಂಶಗಳ ನಡುವೆ ಬಹುಕಾಲ ಆಮ್ಲಜನಕದಲ್ಲಿಟ್ಟರೆ, ಹೊರಟುಹೋದುದು ಮರಳಿ ಬಂದು ತಾಮ್ರದ ಸರಪಣಿಗಳಲ್ಲಿ ತನ್ನ ಸ್ಥಾನವನ್ನು ಸೇರುತ್ತದೆ. ಪ್ರಮಾಣವು ೬.೯ರ ಮೇಲಿದ್ದರೆ ಅತಿವಾಹಕತೆಯು ಸುಮಾರು ೯೨ ಕೆಲ್ವಿನ್ನಿನಲ್ಲಿ ತೊಡಗುತ್ತದೆ, ೬.೬ರ ಬಳಿ ೬೦ ಕೆಲ್ವಿನ್ನಿಗೆ ಇಳಿಯುತ್ತದೆ, ೬.೩ಕ್ಕಿಂತ ಕೆಳಗಾದರೆ ಅದರ ಸುಳಿವೇ ಇಲ್ಲ. ಇಲ್ಲಿ ಬೆರಕೆಯ ಕೆಲಸವನ್ನು ಮಾಡುವುದು ಆಮ್ಲಜನಕವೇ: ಪದರಗಳಿಂದ ಎಲೆಕ್ಟ್ರಾನುಗಳನ್ನು ಸೆಳೆದು ರಂಧ್ರಗಳನ್ನು ಉಂಟುಮಾಡುತ್ತದೆ. ಒಂದೇ ಸಕ್ಕರೆ, ಒಂದೇ ನೀರು, ಒಂದೇ ಒಲೆ. ಆದರೂ ಒಂದೆಳೆಯ ಪಾಕ ಬೇರೆ, ಎರಡೆಳೆಯ ಪಾಕ ಬೇರೆ. ಹಾಗೆಯೇ ಒಂದೇ ಡಬ್ಬಿಯ ಪುಡಿಯಿಂದ ಒಬ್ಬನು ಅತಿವಾಹಕವನ್ನೂ ಮತ್ತೊಬ್ಬನು ವಿದ್ಯುತ್ತೊಯ್ಯದ ಹೆಂಚನ್ನೂ ಪಡೆಯಬಹುದು.

ಅನ್ಯ ಪರಮಾಣುಗಳನ್ನು ಬೇರೆ ಬೇರೆ ಸ್ಥಾನಗಳಲ್ಲಿ ಇಟ್ಟು ನೋಡಿದಾಗ ಅತಿವಾಹಕತೆಯ ನೆಲೆ ಎಲ್ಲಿದೆಯೆಂಬುದೂ ತಿಳಿದುಬಂದಿತು. ಇಟ್ರಿಯಮ್ಮನ್ನು ಪೂರ್ತಿಯಾಗಿ ತೆಗೆದು ಪ್ರಬಲ ಅಯಸ್ಕಾಂತ ಗುಣವುಳ್ಳ ಗೆಡೊಲಿನಿಯಮ್ಮನ್ನು ಇಟ್ಟರೂ ೯೦ ಕೆಲ್ವಿನ್ನಿನ ಅತಿವಾಹಕತೆಯು ಕದಲದು. ತಾಮ್ರದ ಸ್ಥಾನದಲ್ಲಿ ಅಯಸ್ಕಾಂತ ಗುಣವೇ ಇಲ್ಲದ ಸತುವನ್ನು ನೂರಕ್ಕೆ ಕೆಲವೇ ಪಾಲು ಸೇರಿಸಿದರೂ ಅದು ಅತಿವೇಗವಾಗಿ ಕುಸಿಯುವುದು. ಲೋಹಗಳ ನಿಯಮವು ಇಲ್ಲಿ ತಲೆಕೆಳಗಾಯಿತು. ಇದರಿಂದ ತಾಮ್ರ-ಆಮ್ಲಜನಕಗಳ ಪದರವೇ ಅತಿವಾಹಕತೆಯ ಆಶ್ರಯವೆಂದೂ, ಇಟ್ರಿಯಂ ಪದರಗಳನ್ನು ದೂರವಿಡುವ ತೊಲೆಯಷ್ಟೇ ಎಂದೂ ಸಿದ್ಧವಾಗುತ್ತದೆ. ಪಾಕಕ್ಕೆ ಹಿಡಿದ ಪಾತ್ರೆಯೂ ಇಲ್ಲಿ ನಿರ್ದೋಷಿಯಲ್ಲ. ಅಲ್ಯುಮಿನದ ಮೂಸೆಯಲ್ಲಿ ಕರಗಿಸಿ ಬೆಳೆಸಿದ ಸ್ಫಟಿಕಗಳೊಳಕ್ಕೆ ಮೂಸೆಯ ಅಲ್ಯುಮಿನಿಯಂ ಸದ್ದಿಲ್ಲದೆ ಸೇರಿ ಗುಣವನ್ನು ಕೆಡಿಸಿದ ಉದಾಹರಣೆಗಳುಂಟು.

ಇದೇ ತಿಳಿವಳಿಕೆಯನ್ನು ಅನುಸರಿಸಿ ೧೯೮೮ರಲ್ಲಿ ಬಿಸ್ಮತ್ತಿನ ಆಕ್ಸೈಡುಗಳು ಸುಮಾರು ೧೧೦ ಕೆಲ್ವಿನ್ನನ್ನೂ, ಥ್ಯಾಲಿಯಮ್ಮಿನವು ೧೨೫ ಕೆಲ್ವಿನ್ನನ್ನೂ, ೧೯೯೩ರಲ್ಲಿ ಪಾದರಸದವು ೧೩೦ ಕೆಲ್ವಿನ್ನಿಗೂ ಹೆಚ್ಚಿನದನ್ನೂ ಮುಟ್ಟಿದುವು. ಆದರೆ ಉಷ್ಣತೆಯೊಂದೇ ಸಾಲದು. ಸುಟ್ಟ ಬಿಲ್ಲೆಯೆಂಬುದು ಅಸಂಖ್ಯ ಕಣಗಳ ಗುಂಪು. ಕಣಗಳ ಸಂಧಿಯಲ್ಲಿ ಪದರಗಳು ಒಂದಕ್ಕೊಂದು ಓರೆಯಾಗಿರುವುದರಿಂದ ವಿದ್ಯುತ್ತು ದಾಟಲು ಕಷ್ಟಪಡುತ್ತದೆ. ಈ ಕೊರತೆಯನ್ನು ನೀಗಲು ಲೋಹದ ಪಟ್ಟಿಯ ಮೇಲೆ ಕಣಗಳೆಲ್ಲವೂ ಒಂದೇ ದಿಕ್ಕಿಗೆ ಮುಖಮಾಡುವಂತೆ ತೆಳುವಾದ ಲೇಪವನ್ನು ಬೆಳೆಸುವ ವಿಧಾನವು ರೂಪುಗೊಂಡಿತು. ಆ ಲೇಪದಲ್ಲಿ ಬೇರಿಯಂ ಜಿರ್ಕೊನೇಟಿನ ಅತಿಸೂಕ್ಷ್ಮ ಕಣಗಳನ್ನು ಬೇಕೆಂದೇ ನೆಟ್ಟು, ನಿಯೋಬಿಯಂ ತಂತಿಯಲ್ಲಿ ಮಾಡಿದಂತೆಯೇ, ಬಲರೇಖೆಗಳನ್ನು ಕಟ್ಟಿನಿಲ್ಲಿಸುತ್ತಾರೆ.

೬. ಪ್ರಮಾಣದ ಪ್ರಶ್ನೆ

ಬಿಲ್ಲೆಯಲ್ಲಿರುವುದು ಏನೆಂಬ ಪ್ರಶ್ನೆಯನ್ನು ಮೊದಲು ಕೇಳದೆ ಹೋದರೆ ಒದಗುವ ತೊಡಕಿಗೆ ೨೦೨೩ರ ಒಂದು ಪ್ರಸಂಗವು ನಿದರ್ಶನವಾಗಿದೆ. ಆ ವರ್ಷದ ಜುಲೈನಲ್ಲಿ ದಕ್ಷಿಣ ಕೊರಿಯದ ಕೆಲವರು, ಸೀಸದ ಫಾಸ್ಫೇಟಿಗೆ ತಾಮ್ರ ಬೆರಸಿ ತಯಾರಿಸಿದ ‘ಎಲ್‌ಕೆ-೯೯’ ಎಂಬ ವಸ್ತುವು ಕೋಣೆಯ ಉಷ್ಣತೆಯಲ್ಲಿಯೇ, ಸಾಧಾರಣ ಒತ್ತಡದಲ್ಲಿಯೇ ಅತಿವಾಹಕವೆಂದು ಸಾರಿದರು. ರೋಧವು ಒಂದು ಉಷ್ಣತೆಯಲ್ಲಿ ಥಟ್ಟನೆ ಇಳಿಯುವುದನ್ನೂ, ತುಣುಕು ಅಯಸ್ಕಾಂತದ ಮೇಲೆ ಅರ್ಧ ಎದ್ದು ನಿಲ್ಲುವುದನ್ನೂ ತೋರಿಸಿದರು. ಹೊಸದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯವರೂ ಅದೇ ಪಾಕವನ್ನು ಮಾಡಿ ನೋಡಿದರು, ಅತಿವಾಹಕತೆ ಕಾಣಲಿಲ್ಲ. ಪಾಕದಲ್ಲಿ ಉಪೋತ್ಪನ್ನವಾಗಿ ಹುಟ್ಟಿದ ತಾಮ್ರದ ಗಂಧಕ ಸಂಯುಕ್ತವು ಸುಮಾರು ೧೦೪ ಅಂಶ ಸೆಂಟಿಗ್ರೇಡಿನಲ್ಲಿ ತನ್ನ ರಚನೆಯನ್ನು ಬದಲಿಸುವುದರಿಂದಲೇ ರೋಧವು ಹಾರಿ ಇಳಿದುದೆಂದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಜರ್ಮನಿಯಲ್ಲಿ ಕಲ್ಮಷವಿಲ್ಲದೆ ಬೆಳೆಸಿದ ಸ್ಫಟಿಕವು ವಿದ್ಯುತ್ತನ್ನೇ ಒಯ್ಯಲಿಲ್ಲ.

ಬೆಂಗಳೂರಿನದೇ ಆದ ಇನ್ನೊಂದು ಪ್ರಸಂಗವುಂಟು. ೨೦೧೮ರ ಜುಲೈನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಎಂಬುವರು, ಚಿನ್ನದೊಳಗೆ ಬೆಳ್ಳಿಯ ಅತಿಸೂಕ್ಷ್ಮ ಕಣಗಳನ್ನು ಹುದುಗಿಸಿದ ವಸ್ತುವಿನಲ್ಲಿ ೨೩೬ ಕೆಲ್ವಿನ್ನಿನಲ್ಲಿ ಅತಿವಾಹಕತೆಯ ಚಿಹ್ನೆಗಳು ಕಂಡುವೆಂದು ಪ್ರಕಟಿಸಿದರು. ಚಿನ್ನವೂ ಬೆಳ್ಳಿಯೂ ಒಂಟಿಯಾಗಿರುವಾಗ ಅತಿವಾಹಕಗಳಲ್ಲದುದರಿಂದ ಈ ವಾರ್ತೆಯು ಎಲ್ಲೆಡೆ ಕುತೂಹಲವನ್ನು ಕೆರಳಿಸಿತು. ಬೇರೆ ಬೇರೆ ಅಯಸ್ಕಾಂತ ಕ್ಷೇತ್ರಗಳಲ್ಲಿ ತೆಗೆದ ಎರಡು ಮಾಪನಗಳಲ್ಲಿ ಒಂದೇ ಬಗೆಯ ಏರುಪೇರುಗಳು ಮರುಕಳಿಸಿರುವುದನ್ನು ಅಮೆರಿಕದ ಬ್ರಯನ್ ಸ್ಕಿನ್ನರ್ ಎಂಬುವರು ಎತ್ತಿತೋರಿಸಿದಾಗ ಚರ್ಚೆಯು ತೀವ್ರವಾಯಿತು. ೨೦೧೯ರಲ್ಲಿ ಹೆಚ್ಚಿನ ಸಹೋದ್ಯೋಗಿಗಳೊಡನೆ ವಿಸ್ತರಿಸಿದ ವರದಿಯು ಹೊರಬಂದಿತು. ಆದರೂ ಅನ್ಯರ ಕೈಯಲ್ಲಿ ಅದೇ ಪಾಕದಿಂದ ಅದೇ ಫಲವು ದೊರೆತು ವಿದ್ವಲ್ಲೋಕವು ಅಂಗೀಕರಿಸುವ ಹಂತವನ್ನು ಆ ಪ್ರತಿಪಾದನೆಯು ಮುಟ್ಟಲಿಲ್ಲ.

೧೯೮೭ರ ಕಾರ್ಯಕ್ಕೂ ಈ ಪ್ರಸಂಗಗಳಿಗೂ ಇರುವ ಅಂತರವು ಗಮನಾರ್ಹವಾದುದು. ಒಂದು-ಎರಡು-ಮೂರರ ಪಾಕವು ಪ್ರಕಟವಾದ ಕೆಲವೇ ದಿನಗಳಲ್ಲಿ, ಖಲ್ವವೂ ಕುಲುಮೆಯೂ ಉಳ್ಳ ಕಾಲೇಜುಗಳಲ್ಲಿಯೂ ಅದನ್ನು ಮಾಡಿ, ದ್ರವ ಸಾರಜನಕದಲ್ಲಿ ತಣಿಸಿ, ಅದರ ಮೇಲೆ ಅಯಸ್ಕಾಂತದ ಚೂರು ತೇಲುವುದನ್ನು ಕಣ್ಣಾರೆ ಕಾಣುವುದು ಸಾಧ್ಯವಾಯಿತು. ಘಟಕಗಳ ಪ್ರಮಾಣವೂ ಆಮ್ಲಜನಕದ ಹದವೂ ಸ್ಪಷ್ಟವಾಗಿ ಗೊತ್ತಾಗಿದ್ದುದೇ ಇದಕ್ಕೆ ಕಾರಣ. ಅದರಲ್ಲಿ ಜೋಡಿಗಳು ಏಕೆ ಕೂಡುತ್ತವೆಂಬ ಸಿದ್ಧಾಂತವು ಇಂದಿಗೂ ಸರ್ವಸಮ್ಮತವಾಗಿಲ್ಲ. ಆದರೂ ಆ ವಸ್ತುವಿನ ಸತ್ಯತೆಯನ್ನು ಸಂಶಯಿಸಿದವರಿಲ್ಲ. ಹೊಸ ಅತಿವಾಹಕವೊಂದರ ವಾರ್ತೆ ಬಂದಾಗ ಅದು ಎಷ್ಟು ಕೆಲ್ವಿನ್ನಿನದೆಂದು ಕೇಳುವುದಕ್ಕೆ ಮುಂಚೆ, ಬಿಲ್ಲೆಯಲ್ಲಿರುವ ಸಂಯುಕ್ತಗಳು ಯಾವುವು, ಬೆರಕೆಯು ಯಾವ ಸ್ಥಾನದಲ್ಲಿ ಕುಳಿತಿದೆ, ಪಾಕವನ್ನು ಹೇಗೆ ಆರಿಸಿದರು, ಎರಡನೆಯ ಕೈಗೆ ಅದು ಒಲಿಯಿತೇ ಎಂದು ವಿಚಾರಿಸುವುದು ಯುಕ್ತವ���.